ರಾಳ್ಳ ಮೇಡಂ ಮತ್ತು ಏಳನೇ ಬಂಡೆ

ಅವರ ಜೊತೆ ಗುಟ್ಟ ಹತ್ತಿದವರಿಗೆಲ್ಲ ಒಂದು ಶಿಕ್ಷೆ ಕಾದಿರುತ್ತಿತ್ತು. ಗುಟ್ಟ ಅಂದರೆ ತೆಲುಗಿನಲ್ಲಿ ಸಣ್ಣ ಬೆಟ್ಟ. ಹೈದರಾಬಾದಿನ ಸುತ್ತ ಇರುವುದೆಲ್ಲ ಅದೇ, ಗುಂಡುಕಲ್ಲುಗಳ ಗುಟ್ಟಗಳು. ಬಿಸಿಲಲ್ಲಿ ಏದುಸಿರು ಬಿಡುತ್ತ ಮೇಲೆ ಬಂದು, ಇನ್ನೇನು ಬಂಡೆಯ ನೆರಳಿನಲ್ಲಿ ಕೂರಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಅವರ ದನಿ ಕೇಳುತ್ತಿತ್ತು: “ಮೊದ್ಲ ನೋಡ್ರಿ. ಆಮ್ಯಾಲ ಕೂಡ್ರಿ.” ನೋಡುವುದೆಂದರೆ ಸುಮ್ಮನೆ ಕಣ್ಣಾಡಿಸುವುದಲ್ಲ. ಬಂಡೆಯ ಸುತ್ತ ಒಂದು ಸುತ್ತು ಬರಬೇಕು, ಬಿರುಕು ಯಾವ ಕಡೆ ಹೋಗಿದೆ ಹೇಳಬೇಕು, ಬಂಡೆಯ ಭಾರವೆಲ್ಲ ಯಾವ ಜಾಗದ ಮೇಲೆ ಕೂತಿದೆ ಎಂದು ಬೆರಳಿಟ್ಟು ತೋರಿಸಬೇಕು. ಅರವತ್ತು ದಾಟಿದವನು ಅಂತ ನನಗೇನೂ ರಿಯಾಯಿತಿ ಇರಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಅವರಿಗೆ ನನಗಿಂತ ನಾಲ್ಕು ವರ್ಷ ಹೆಚ್ಚಾಗಿತ್ತು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾವ ಬೋರ್ಡಿನ ಮೇಲೂ, ಯಾವ ವರದಿಯ ಮೇಲೂ ಹೆಸರು ಹಾಕಗೊಡದ ಹೆಂಗಸು; ಈಗ ನಾನು ಹಾಕಿದರೆ ಎಲ್ಲಿದ್ದರೂ ಸುಮ್ಮನಿರುವ ಪೈಕಿ ಅಲ್ಲ. ಗುಟ್ಟದ ಕೆಳಗಿನ ಬಸ್ತಿಯವರು, ಅಲ್ಲಿನ ಸಣ್ಣ ಮನೆಗಳ ಕೇರಿಯವರು, ಅವರನ್ನು ‘ರಾಳ್ಳ ಮೇಡಂ’ ಅನ್ನುತ್ತಿದ್ದರು, ಅಂದರೆ ಕಲ್ಲುಗಳ ಮೇಡಂ. ಅದೇ ಸಾಕು.

ನಾನು ಸರ್ಕಾರಿ ರಕ್ಷಣಾ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಹುಟ್ಟಿದ್ದು ಗದಗಿನಲ್ಲಿ, ಬಾಳಿದ್ದು ಸನತ್‌ನಗರದಲ್ಲಿ. ನನ್ನ ಅಕ್ಷರದ ಬಗ್ಗೆ ನನಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಜಂಭವಿತ್ತು, ಈಗಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಬಂದ ಮೇಲೂ ಕಾರ್ಖಾನೆಯಲ್ಲಿ ಒಂದು ಬೋರ್ಡು ಬರೆಯಬೇಕೆಂದರೆ, ಒಂದು ಯಂತ್ರದ ಮೈಮೇಲೆ ನಂಬರ್ ಹಾಕಬೇಕೆಂದರೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಿವೃತ್ತನಾದ ಮೇಲೆ ಯಾರೂ ಹುಡುಕಿಕೊಂಡು ಬರಲಿಲ್ಲ. ಮನೆಯಲ್ಲಿ ಹೆಂಡತಿಯ ಮಸಾಲೆ ಡಬ್ಬಿಗಳ ಮೇಲೆಲ್ಲ ಹೆಸರು ಬರೆದು ಮುಗಿಸಿ, ಇನ್ನೇನು ಬರೆಯಲಿ ಅಂತ ಕೂತಿದ್ದ ಕಾಲದಲ್ಲಿ ಅವರು ಸಿಕ್ಕರು.

ಸಿಕ್ಕಿದ್ದು ಅಮೀರ್‌ಪೇಟೆಯಲ್ಲಿ. ಕೋಚಿಂಗ್ ಕ್ಲಾಸೊಂದರ ಹಾಲನ್ನು ಭಾನುವಾರ ಕೇಳಿ ಪಡೆದು ನಾವು ಕನ್ನಡಿಗರು ಸೇರುತ್ತಿದ್ದೆವು. ಊಟಕ್ಕೆ ಮೊದಲು ಹತ್ತು ನಿಮಿಷ ಯಾರಾದರೂ ಮಾತಾಡುವುದು ರೂಢಿ. ಅವರು ನಲವತ್ತು ನಿಮಿಷ ಮಾತಾಡಿದರು. ಹೊರಗೆ ಎಣ್ಣೆಗಾಯಿ ಪಲ್ಯದ ವಾಸನೆ ಏಳುತ್ತಿತ್ತು, ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು, ಅವರು ಮಾತ್ರ ಇರುವಷ್ಟು ಮಂದಿಗೆ ಹೇಳುತ್ತಲೇ ಇದ್ದರು. ಈ ಊರಿನ ಬಂಡೆಗಳನ್ನು ಯಾರೂ ಒಂದರ ಮೇಲೊಂದು ಪೇರಿಸಿಟ್ಟದ್ದಲ್ಲ. ಅವು ನೆಲದೊಳಗೇ ಬಿರುಕು ಬಿಟ್ಟು, ಮೂಲೆಗಳು ಕರಗಿ ಗುಂಡಗಾಗಿ, ಸುತ್ತಲಿನ ಮಣ್ಣು ತೊಳೆದುಹೋದ ಮೇಲೆ ಇದ್ದಲ್ಲೇ ಬಯಲಾದವು. ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಮುಂದಿನ ಸಾಲಿನಲ್ಲಿದ್ದ ಒಬ್ಬರು ನಗುತ್ತ, “ನಮ್ಮ ಅಪಾರ್ಟ್‌ಮೆಂಟ್ ಕಟ್ಟುವಾಗ ಅಂಥದೊಂದನ್ನ ತಗದ್ರು ಮೇಡಂ, ಮೂರು ವಾರ ಹಿಡೀತು” ಅಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. “ಯಾವ ಓಣಿರಿ ಅದು?” ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಲೆ ಎತ್ತಿ, “ಇಲ್ಲಿ ಗೆರಿ ನೆಟ್ಟಗ ಎಳ್ಯಾಕ ಬರೋರು ಯಾರರ ಅದೀರೇನು?” ಅಂದರು.

ನಾನು ಕೈ ಎತ್ತಿದೆ. ಆ ಕೈಯನ್ನು ಅವರು ಎಂಟು ವರ್ಷ ಕೆಳಗಿಳಿಸಗೊಡಲಿಲ್ಲ.

ಭೂವಿಜ್ಞಾನದ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು. ಮೂಲ ಕುಷ್ಟಗಿ ಕಡೆ. ಬೇಗಂಪೇಟೆಯಲ್ಲಿ ತಂಗಿಯ ಜೊತೆ ಇದ್ದರು. ನಿವೃತ್ತಿಯ ಮೇಲೆ ತಮಗೆ ತಾವೇ ಒಂದು ಕೆಲಸ ಹಚ್ಚಿಕೊಂಡಿದ್ದರು: ಊರ ಅಂಚಿನಲ್ಲಿ ಇನ್ನೂ ಉಳಿದಿರುವ ಗುಟ್ಟಗಳಿಗೆ ಹೋಗಿ, ಒಂದೊಂದು ಬಂಡೆಯನ್ನೂ ಅಳೆದು, ಒಂದೊಂದಕ್ಕೂ ಒಂದು ಫಾರಂ ತುಂಬುವುದು. ಫಾರಂನಲ್ಲಿ ಐದು ಕಲಂ. ಎಷ್ಟು ಅಪರೂಪ, ನೋಡಿದವರು ಏನು ಕಲಿಯಬಹುದು, ಎಷ್ಟು ಚೆಂದ, ಜನ ಅಲ್ಲಿಗೆ ಹೋಗಬಹುದೆ, ಎಷ್ಟು ಕಾಲ ಸುರಕ್ಷಿತವಾಗಿ ಉಳಿದೀತು. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಅಂಕ ಚೆನ್ನಾಗಿ ಬಂದ ಗುಟ್ಟದ ಕಡತ ಪರಂಪರೆಯ ಸಮಿತಿಗೆ ಹೋಗುತ್ತದೆ. ಸಮಿತಿ ಬಂದು ನೋಡಿ ಒಪ್ಪಿದರೆ ಅದು ಪಟ್ಟಿಗೆ ಸೇರುತ್ತದೆ, ಆಮೇಲೆ ಅದನ್ನು ಯಾರೂ ಒಡೆಯುವ ಹಾಗಿಲ್ಲ. “ಪಟ್ಟಿ ಒಂದs ಸಾಲಂಗಿಲ್ರಿ” ಅನ್ನುತ್ತಿದ್ದರು. “ಮಂದಿ ನೋಡಾಕ ಬರಬೇಕು. ಮಂದಿ ಬರೋ ಕಲ್ಲು ಉಳೀತೈತಿ. ಯಾರೂ ಬರದ ಕಲ್ಲು ಲಾರಿ ಹತ್ತತೈತಿ.”

ಅಂಕ ಕೊಡುವುದರಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ದಿನಾ ರೊಟ್ಟಿ ಬುತ್ತಿ ಬಿಚ್ಚುತ್ತಿದ್ದ ಒಂದು ಚಪ್ಪಟೆ ಬಂಡೆಯಿತ್ತು, ಅವರಿಗೆ ಅದರ ಮೇಲೆ ಬಹಳ ಪ್ರೀತಿ. ಚೆಂದದ ಕಲಂನಲ್ಲಿ ಅದಕ್ಕೆ ಮೂರು ಕೊಟ್ಟರು. “ಅಲ್ರಿ, ಇಷ್ಟು ವರ್ಷ ಅದರ ಮ್ಯಾಲ ಕುಂತು ಉಂಡೀರಿ” ಅಂದೆ. “ಉಂಡೀನಿ ಅಂತ ಸುಳ್ಳು ಬರೀಲೇನು?” ಅಂದರು. ಪಕ್ಕದ ಕಾಲೋನಿಯ ಸಂಘದವರು ಒಂದು ಬಂಡೆ ಕಪ್ಪೆಯ ಹಾಗಿದೆ ಅಂತ ಖುಷಿಪಟ್ಟು, ಪ್ರವಾಸಿಗಳು ಬರಲಿ ಅಂತ ಅದಕ್ಕೆ ಹಸಿರು ಬಣ್ಣ ಬಳಿದು ಎರಡು ಕಣ್ಣು ಬರೆಸುವ ಆಲೋಚನೆ ಮಾಡಿದ್ದರು. ಮೇಡಂ ಅವರ ಎದುರಿಗೇ ಫಾರಂ ತೆಗೆದು ಸುರಕ್ಷೆಯ ಅಂಕವನ್ನು ಆರರಿಂದ ಎರಡಕ್ಕೆ ಇಳಿಸಿ, ಕಾರಣದ ಜಾಗದಲ್ಲಿ ‘ನೆರೆಯವರ ಪ್ರೀತಿ’ ಅಂತ ಬರೆದರು. ಸಂಘದ ಅಧ್ಯಕ್ಷರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಪುಣ್ಯ. ಸಮಿತಿಗೆಂದು ಪ್ರತಿ ಫಾರಂನ ಕೆಳಗೆ ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ ನನ್ನ ಕೆಲಸ.

ಊರೊಳಗೆ ಅವರ ಜೊತೆ ಓಡಾಡುವುದು ಇನ್ನೊಂದು ಪಜೀತಿ. ಬೇಗಂಪೇಟೆಯ ದೊಡ್ಡ ಕಟ್ಟಡವೊಂದಕ್ಕೆ ಯಾವುದೋ ಕಾಗದ ಕೊಡಲು ಹೋಗಿದ್ದೆವು. ಒಳಗಿನ ಗೋಡೆಗೆಲ್ಲ ನುಣ್ಣಗೆ ಪಾಲಿಶ್ ಮಾಡಿದ ಕಲ್ಲು ಹಾಕಿದ್ದರು. ಇವರು ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಗೋಡೆಗೆ ತಿಕ್ಕಿ, ಚೀಲದಿಂದ ಮಸೂರ ತೆಗೆದು ಅದಕ್ಕೆ ಕಣ್ಣು ಹಚ್ಚಿ ನಿಂತುಬಿಟ್ಟರು. ಕಾವಲುಗಾರ ಓಡಿಬಂದು ಹಿಂದಿಯಲ್ಲಿ ಬೈಯತೊಡಗಿದ. ಅವನ ಕೈಗೇ ಮಸೂರ ಕೊಟ್ಟು, “ದೇಖೋ” ಅಂದರು. ಅವನು ನೋಡಿದ. ಗುಲಾಬಿ, ಬಿಳಿ, ಕಪ್ಪು ಹರಳುಗಳನ್ನು ಬಹಳ ಹೊತ್ತು ನೋಡಿದ. ನಾವು ಹೊರಡುವಾಗ ಲಿಫ್ಟಿನ ಹತ್ತಿರದ ಗೋಡೆಯ ಕಲ್ಲು ಬೇರೆ ಥರ ಇದೆ, ಅದನ್ನೂ ನೋಡಿ ಹೋಗಿ ಅಂದ.

ಇನ್ನು ಏಳನೇ ಬಂಡೆಯ ಮಾತು.

ನಾವು ಎಲ್ಲಕ್ಕಿಂತ ಹೆಚ್ಚು ದಿನ ದುಡಿದ ಗುಟ್ಟ ಊರಿನ ಪಶ್ಚಿಮದ ಅಂಚಿನಲ್ಲಿತ್ತು. ನಲವತ್ತೊಂದು ದೊಡ್ಡ ಬಂಡೆಗಳು. ಒಂದು ಕಡೆ ಬಸ್ತಿ, ಇನ್ನೊಂದು ಕಡೆ ಹೊಸ ಲೇಔಟು. ಲೇಔಟಿನವರಿಗೆ ಗುಟ್ಟದ ಅಂಚಿನಲ್ಲಿ ರಸ್ತೆಗೆಂದು ಒಂದು ಪಟ್ಟಿ ಜಾಗ ಸಮ ಮಾಡಲು ಅನುಮತಿ ಸಿಕ್ಕಿತ್ತು. ಇಡೀ ಗುಟ್ಟಕ್ಕೇ ಅರ್ಜಿ ಹಾಕಿದ್ದರು. ಚಳಿಗಾಲ ಮುಗಿಯುವುದರೊಳಗೆ ಸಮಿತಿ ಬಂದು ನೋಡಿ ಒಪ್ಪಬೇಕು, ಇಲ್ಲದಿದ್ದರೆ ಗುಟ್ಟ ಹೋದ ಹಾಗೆಯೇ. ನಮ್ಮ ಕಡೆಯ ದೊಡ್ಡ ಬಲವೆಂದರೆ ಏಳನೆಯದು. ಒಂದರ ಮೇಲೊಂದು ಮೂರು ಗುಂಡುಗಳು, ಮೇಲಿನದು ಎರಡು ಗೇಣು ಜಾಗದ ಮೇಲೆ ನಿಂತದ್ದು. ಬಸ್ತಿಯವರು ಅವನ್ನು ಅಕ್ಕಚೆಲ್ಲೆಳ್ಳು, ಅಂದರೆ ಅಕ್ಕತಂಗಿಯರು, ಅನ್ನುತ್ತಿದ್ದರು. ಚೆಂದದ ಕಲಂನಲ್ಲಿ ಮೇಡಂ ಅದಕ್ಕೆ ಒಂಬತ್ತು ಕೊಟ್ಟಿದ್ದರು. ಅವರು ಒಂಬತ್ತು ಬರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಂಡೆಗಳಿಗೆ ನಾವು ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಿದ್ದೆವು. ಇಬ್ಬನಿಗೆ ಅದು ಅಳಿಸಿಹೋಗುತ್ತಿತ್ತು. ಒಮ್ಮೆ ಒಂದೇ ಬಂಡೆಯನ್ನು ಎರಡು ಭಾನುವಾರ ಎರಡು ನಂಬರಿನಲ್ಲಿ ಅಳೆದುಬಿಟ್ಟೆವು. ನನಗೆ ತಡೆಯಲಾಗಲಿಲ್ಲ. ನನ್ನ ಕಾರ್ಖಾನೆಯಲ್ಲಿ ಬಿಳಿ ಬಣ್ಣದ ನಂಬರ್ ಬಿತ್ತೆಂದರೆ ಆ ವಸ್ತು ಪಾಸಾಯಿತು, ಇನ್ನು ಅದನ್ನು ಜೋಪಾನ ಮಾಡಬೇಕು ಎಂದು ಅರ್ಥ. ಬಿಳಿ ಪೇಂಟಿನಲ್ಲಿ ಬರೆದುಬಿಡೋಣ, ಆಮೇಲೆ ತಿಕ್ಕಿ ತೆಗೆದರಾಯಿತು ಅಂದೆ.

“ಕಲ್ಲಿಗೆ ಬಣ್ಣ ಬ್ಯಾಡ್ರಿ” ಅಂದರು ಅವರು.

ನಾನು ಬಿಡಲಿಲ್ಲ. ಸಮಿತಿ ಬಂದಾಗ ನಂಬರ್ ತಪ್ಪಿದರೆ ಮರ್ಯಾದೆ ಹೋಗುತ್ತದೆ ಅಂತ ವಾದ ಹೂಡಿದೆ. ನಿಜ ಹೇಳಬೇಕೆಂದರೆ ಮರ್ಯಾದೆಗಿಂತ ಹೆಚ್ಚಾಗಿ ನನ್ನ ಕೈ ಕೆರೆಯುತ್ತಿತ್ತು. ಅವರು ನನ್ನ ಮುಖ ನೋಡಿ, “ಆತು. ಸಣ್ಣಗ ಬರೀರಿ” ಅಂದರು. ನಾನು ಒಂದೊಂದು ಅಂಕೆಯನ್ನೂ ಒಂದು ಗೇಣು ಎತ್ತರ ಬರೆದೆ, ಅಂಚು ತಿದ್ದಿ, ತುದಿಗೆ ಸಣ್ಣ ಬಾಲ ಕೊಟ್ಟು. ಮುಂದಿನ ವಾರ ಬಂದು ನೋಡಿ, “ಸಣ್ಣಗ ಅಂದ್ರ ಇದಾ?” ಅಂದರೇ ಹೊರತು ಅಳಿಸಿ ಅನ್ನಲಿಲ್ಲ. ಅಳಿಸಿ ಅಂದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಒಂದು ಜಾಣತನವೇ, ತಪ್ಪನ್ನು ಇನ್ನೊಬ್ಬರ ಕಡೆ ಒಂದಿಷ್ಟು ಸರಿಸುವ ಜಾಣತನ.

ಒಂದು ಸೋಮವಾರ ಮಧ್ಯಾಹ್ನ ಬಸ್ತಿಯಿಂದ ಫೋನ್ ಬಂತು. ನಾವು ಹೋಗುವಷ್ಟರಲ್ಲಿ ಏಳನೆಯದು ನೆಲದ ಮೇಲಿತ್ತು. ಮೇಲಿನ ಎರಡು ಗುಂಡುಗಳನ್ನು ಉರುಳಿಸಿ ತುಂಡು ಮಾಡಿದ್ದರು. ಕೆಳಗಿನದಕ್ಕೆ ಸಾಲಾಗಿ ತೂತು ಕೊರೆದು ಬೆಣೆ ಹೊಡೆದಿದ್ದರು. ಅದು ಅರ್ಧಕ್ಕೆ ಸೊಟ್ಟಗೆ ಸೀಳಿ ನಿಂತಿತ್ತು. ನಿಂತಿದ್ದ ಅರ್ಧದ ಮೇಲೆ ನನ್ನ ‘೭’ ಹಾಗೇ ಇತ್ತು, ಬಾಲ ಮಾತ್ರ ಇರಲಿಲ್ಲ.

ಕಲ್ಲೊಡೆಯುವ ತಂಡದ ಹಿರಿಯ ದುರ್ಗಪ್ಪ. ಶಹಾಪುರದ ಕಡೆಯವನು, ಹೆಂಡತಿ, ತಮ್ಮ, ಇನ್ನೂ ನಾಲ್ಕು ಜನರ ಜೊತೆ ಕೆಲಸಕ್ಕೆ ಬಂದವನು. ಮೊದಲು ತೆಲುಗಿನಲ್ಲಿ ಶುರು ಮಾಡಿದ. ನಮ್ಮಿಬ್ಬರ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ತಿರುಗಿದ. “ನಂಬರ್ ಹಾಕಿದ್ದನ್ನ ಒಡೀರಿ ಅಂದಿದ್ರು ರಿ ಸೂಪರ್‌ವೈಸರು. ನಾವು ಎಲ್ಲಿ ಹೋದ್ರೂ ಹಂಗರಿ, ಸರ್ವೇದವ್ರು ಬಿಳೀ ಬಣ್ಣದಾಗ ನಂಬರ್ ಹಾಕ್ತಾರ, ನಾವು ಒಡೀತೀವಿ. ಇಲ್ಲಿ ನಂಬರ್ ಕಾಣಿಸ್ತು. ಭಾಳ ಚಂದ ಬರದಿದ್ರು. ಇದು ಗಾಡಿ ದಾರಿಗೆ ಹತ್ತಿರ ಇತ್ತಂತ ಮೊದ್ಲ ಇದನ್ನ ಹಿಡದ್ವಿ.”

ಶನಿವಾರ ಬಂದು ರಸ್ತೆಯ ಪಟ್ಟಿಯೊಳಗಿನ ಕಲ್ಲುಗಳಿಗೆ ನಂಬರ್ ಹಾಕಬೇಕಿದ್ದ ಸರ್ವೇಯರ್ ಬಂದೇ ಇರಲಿಲ್ಲ. ಇದ್ದದ್ದು ನನ್ನ ನಂಬರುಗಳು ಮಾತ್ರ. ಇಡೀ ಗುಟ್ಟದಲ್ಲಿ ಯಾವ ಯಾವ ಬಂಡೆ ಉಳಿಯಬೇಕೋ ಅದಕ್ಕೆಲ್ಲ, ಒಂದನ್ನೂ ಬಿಡದೆ, ಒಡೆಯಿರಿ ಎಂದು ನಾನೇ ಅಂದವಾಗಿ ಬರೆದಿಟ್ಟಿದ್ದೆ.

ಆ ದಿನ ಮೇಡಂ ನೋಡಲಿಲ್ಲ, ಮೊದಲು ಕೂತರು. ಬರಿ ನೆಲದ ಮೇಲೆ, ಕಲ್ಲಿನ ಚೂರುಗಳ ನಡುವೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಅವರ ಹತ್ತಿರ ಹೋಗಲಾರದೆ ದೂರ ನಿಂತೆ. ಬಸ್ತಿಯ ಜನ ಸೇರಿ ದುರ್ಗಪ್ಪನನ್ನು ಬೈಯುತ್ತಿದ್ದರು, ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಂಬರ್ ಬರೆದದ್ದು ನಾನು ಎಂದು ಹೇಳಲು ಅದೇ ಸರಿಯಾದ ಹೊತ್ತು. ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ಎದ್ದರು. ಸೀರೆ ಕೊಡವಿಕೊಂಡು ಜನರ ನಡುವೆ ಹೋಗಿ ದುರ್ಗಪ್ಪನ ಪಕ್ಕ ನಿಂತು, ಮೊದಲು ತೆಲುಗಿನಲ್ಲಿ ಎಲ್ಲರಿಗೂ, ಆಮೇಲೆ ಕನ್ನಡದಲ್ಲಿ ಅವನಿಗೆ ಹೇಳಿದರು: “ತಪ್ಪು ನಿಮ್ಮದಲ್ಲ. ನಂಬರ್ ಹಾಕಿದ್ದು ನಾವು. ಅದನ್ನ ನೋಡಿದ್ರ ಯಾರಾದ್ರೂ ಒಡೀತಿದ್ರು.” ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಆಮೇಲೆ ಆರು ವರ್ಷದಲ್ಲಿ ಒಂದು ಸಲವೂ, ನಾವಿಬ್ಬರೇ ಇದ್ದಾಗಲೂ, ಆ ವಿಷಯ ಎತ್ತಿ ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ಹಗುರಾಗುತ್ತಿದ್ದೆ.

ಅಲ್ಲೇ ನಿಂತು ಚೀಲದಿಂದ ಏಳನೆಯದರ ಫಾರಂ ತೆಗೆದರು. ಚೆಂದದ ಕಲಂನ ಒಂಬತ್ತನ್ನು ಒಂದು ಗೆರೆ ಎಳೆದು ಹೊಡೆದು ಸೊನ್ನೆ ಬರೆದರು. ಕಾರಣದ ಜಾಗದಲ್ಲಿ: ‘ಒಡೆದಿದೆ. ನಾವು ಹಾಕಿದ ಗುರುತಿನಿಂದ.’

ಆ ಸಂಜೆ ವಾಪಸು ಬರುವಾಗ ನಾನು ಧೈರ್ಯ ಮಾಡಿ ಒಂದು ಮಾತು ಹೇಳಿದೆ. ಸಮಿತಿಗೆ ಇನ್ನೂ ಸಮಯವಿದೆ. ಅಕ್ಕತಂಗಿಯರ ಹಳೆಯ ಫೋಟೋ ನಮ್ಮಲ್ಲಿ ಬೇಕಾದಷ್ಟಿವೆ. ಕಡತದಲ್ಲಿ ಹಳೆಯ ಫಾರಂ, ಹಳೆಯ ಫೋಟೋ ಇಟ್ಟು ಕಳಿಸಿದರೆ ಮೊದಲು ಕಾಗದದ ಮೇಲೆ ಒಪ್ಪಿಗೆ ಸಿಗುತ್ತದೆ. ಅವರು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದವರು ತಿರುಗಿದರು. ಸಿಟ್ಟಿರಲಿಲ್ಲ, ದಣಿದಿದ್ದರು.

“ಒಡದದ್ದನ್ನ ಒಡದೈತಿ ಅಂತ ಬರೀಲಿಲ್ಲಂದ್ರ, ಉಳದ ನಲವತ್ತರದ್ದು ಯಾರು ನಂಬ್ತಾರ್ರಿ?”

ಮರುದಿನದಿಂದ ನಾವು ಉಳಿದ ಬಂಡೆಗಳ ನಂಬರ್ ತಿಕ್ಕಿದೆವು. ತಂತಿ ಬ್ರಶ್ಶು, ಟರ್ಪೆಂಟೈನು, ಹಳೇ ಬಟ್ಟೆ. ಎಷ್ಟು ಚೆನ್ನಾಗಿ ಬರೆದಿದ್ದೆನೋ ಅಷ್ಟೇ ಕಷ್ಟವಾಯಿತು ತೆಗೆಯಲು. ಎರಡನೆಯ ದಿನ ದುರ್ಗಪ್ಪ ತಾನೇ ಬಂದು ಇನ್ನೊಂದು ಬ್ರಶ್ ಹಿಡಿದ. ಲೇಔಟಿನ ಕೆಲಸ ಬಿಟ್ಟು ಬಂದಿದ್ದ. ಎಲ್ಲ ಮುಗಿದು ಏಳನೆಯದರ ಮುಂದೆ ಬಂದಾಗ ನಾನು ಬ್ರಶ್ ಎತ್ತಿದೆ. ಅವರು ಕೈ ಅಡ್ಡ ಹಿಡಿದರು. “ಇದು ಇರ್ಲಿ.”

ಆಗಲೇ ದುರ್ಗಪ್ಪ ಆ ಮಾತು ತೆಗೆದದ್ದು. “ಅಮ್ಮಾರ, ಈ ಕಲ್ಲು ಯಾಕ ಸೊಟ್ಟ ಒಡೀತು ಗೊತ್ತಾತೇನ್ರಿ?” ಅಂದ. ಬಾಟಲಿಯ ನೀರನ್ನು ಸೀಳಿದ ಮುಖದ ಮೇಲೆ ಸುರಿದ. ಗುಲಾಬಿ ಬಣ್ಣದ ಕಲ್ಲಿನ ನಡುವೆ, ಒಂದು ತಟ್ಟೆಯಗಲ, ಕಪ್ಪಗೆ ಬೇರೆಯದೇ ಒಂದು ಕಲ್ಲು ಕಾಣಿಸಿತು, ಒಳಗೆ ಸಣ್ಣ ಸಣ್ಣ ಗೆರೆ. “ನಾವು ಇದಕ್ಕ ಮಚ್ಚಿ ಅಂತೀವ್ರಿ. ಮಚ್ಚಿ ಇದ್ದ ಕಲ್ಲು ನೆಟ್ಟಗ ಸೀಳಂಗಿಲ್ಲ. ಬೆಣಿ ಹೊಡದ್ರ ಇದರ ಸುತ್ತ ತಿರುಗಿ ಹೋಗತೈತಿ. ಹೊರಗಿಂದ ಗೊತ್ತಾಗೂದಿಲ್ಲ. ಅದಕ್ಕs ಅರ್ಧಕ್ಕ ಬಿಟ್ವಿ.”

ಮೇಡಂ ಮಸೂರ ತೆಗೆದು ಆ ಮಚ್ಚೆಗೆ ಕಣ್ಣು ಹಚ್ಚಿದವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಈ ಗುಟ್ಟದ ಕಲ್ಲು ಇನ್ನೂ ಕುದಿಯುವ ಪಾಕವಾಗಿದ್ದಾಗ, ಅದಕ್ಕೂ ಹಿಂದಿನ ಒಂದು ಕಲ್ಲಿನ ಚೂರು ಅದರೊಳಗೆ ಬಿದ್ದು ಕರಗದೆ ಉಳಿದದ್ದು ಅದು ಎಂದು ಆಮೇಲೆ ವಿವರಿಸಿದರು. ತಮಗಿಂತ ಹಳಬರು ಸಿಕ್ಕ ಹಾಗೆ ಖುಷಿಯಾಗಿದ್ದರು. ಆದರೆ ಫಾರಂನಲ್ಲಿ ಚೆಂದದ ಸೊನ್ನೆಯನ್ನು ಮುಟ್ಟಲಿಲ್ಲ. ಕಲಿಯುವ ಕಲಂನಲ್ಲಿ ಮಾತ್ರ ಐದಿದ್ದದ್ದನ್ನು ಎಂಟು ಮಾಡಿದರು. ಕಾರಣ: ‘ದುರ್ಗಪ್ಪ ತೋರಿಸಿದ್ದು.’ ಅವನ ಹೆಸರು ಬರೆದರು ನೋಡಿ, ತಮ್ಮದಲ್ಲ.

ಸಮಿತಿ ಬಂತು. ಮುಖ್ಯ ಅಧಿಕಾರಿಗೆ ಬಿಸಿಲಿಗೆ ತಲೆನೋವು ಬಂದಿತ್ತು. ಏಳನೆಯದರ ಹತ್ತಿರ ನಿಂತು ಫಾರಂ ನೋಡಿ, ತೆಲುಗಿನಲ್ಲಿ, “ಇದಿ ಎಂದುಕು ಮೇಡಂ?” ಅಂದರು. ಒಡೆದ ಕಲ್ಲು ಪಟ್ಟಿಯಲ್ಲಿ ಯಾಕೆ, ತೆಗೆದುಬಿಡಿ, ಕಡತ ನೋಡಲು ಚೆನ್ನಾಗಿರುತ್ತದೆ ಎಂದು. ಮೇಡಂ ದುರ್ಗಪ್ಪನ ಕಡೆ ನೋಡಿದರು. ಅವನು ನೀರು ಸುರಿದು ಮಚ್ಚೆ ತೋರಿಸಿದ. ಇಷ್ಟು ವರ್ಷ ಇಂಥದ್ದು ಸಿಕ್ಕಿದರೆ ನಾವು ಬೈಯುತ್ತಿದ್ದೆವು ಸಾರ್, ಅಮ್ಮ ಹೇಳಿದ ಮೇಲೆ ಇದು ಎಲ್ಲಕ್ಕಿಂತ ಹಿರಿಯದು ಅಂತ ಗೊತ್ತಾಯಿತು ಅಂದ. ಅಧಿಕಾರಿ ಬಗ್ಗಿ ನೋಡಿದರು. ಆಮೇಲೆ ಮೇಡಂ ಒಂಬತ್ತು ಹೊಡೆದು ಸೊನ್ನೆ ಬರೆದಿದ್ದ ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡು, “ಈ ಗುರುತು ನೀವೇ ಹಾಕಿದ್ದಾ?” ಎಂದರು.

“ನಾವೇ” ಅಂದರು ಮೇಡಂ. “ಹಾಕಬಾರದಿತ್ತು.”

ಅಧಿಕಾರಿ ಕಟ್ಟಿನಿಂದ ಐದು ಫಾರಂ ಎಳೆದು, ಆ ಐದು ಬಂಡೆ ತೋರಿಸಿ ಅಂದರು. ತೋರಿಸಿದೆವು. ಅಳತೆ ಹಿಡಿದು ನೋಡಿದರು. ಕೊನೆಗೆ ನಗುತ್ತ, ಎಲ್ಲ ಕಡೆಯೂ ಜನ ತಮ್ಮ ಕಲ್ಲಿಗೆ ಹತ್ತಕ್ಕೆ ಹತ್ತು ಕೊಟ್ಟುಕೊಂಡು ಬರುತ್ತಾರೆ ಮೇಡಂ, ತಾವೇ ಹಾಕಿಕೊಂಡ ಸೊನ್ನೆ ಇದೇ ಮೊದಲು ನೋಡಿದ್ದು, ಇನ್ನು ನಿಮ್ಮ ಏಳು ಎಂಟುಗಳನ್ನು ನಾನು ಅಳೆದು ನೋಡಬೇಕಾಗಿಲ್ಲ ಅಂದರು. ಹಾಗೆ ಹೇಳುತ್ತ ದಣಿದು ಪಕ್ಕದ ಬಂಡೆಯ ಮೇಲೆ ಕೂರಲು ಹೋದರು. ಮೇಡಂ ತೆಲುಗಿನಲ್ಲಿ ಅದೇ ಮಾತು ಹೇಳಿದರು: ಮೊದಲು ನೋಡಿ. ಪಾಪ, ಅವರು ಎದ್ದು ಒಂದು ಸುತ್ತು ಬಂದರು.

ಗುಟ್ಟ ಪೂರ್ತಿ ಉಳಿಯಲಿಲ್ಲ. ಮೇಲ್ಭಾಗ ಮತ್ತು ಬಸ್ತಿಯ ಕಡೆಯ ಇಳಿಜಾರು ಪಟ್ಟಿಗೆ ಸೇರಿತು. ರಸ್ತೆಯ ಕಡೆಯದು ಹೋಯಿತು, ಅದರ ಜೊತೆ ಹನ್ನೊಂದು ಬಂಡೆಗಳೂ. ಕಾಗದ ಬಂದ ದಿನ ಸಿಹಿ ಹಂಚಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅವರು ಓದಿ ಮಡಚಿಟ್ಟು, “ಮೂವತ್ತು ಉಳದಾವು” ಅಂದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ, “ಬರೋ ಐತಾರ ಮುಂದಿನ ಗುಟ್ಟಕ್ಕ ಹೋಗೂಣ್ರಿ. ಖಡು ತರ್ರಿ, ಡಬ್ಬಿ ತುಂಬ ತರ್ರಿ” ಅಂದರು. ಐತಾರ ಅಂದರೆ ನಮ್ಮ ಕಡೆ ಭಾನುವಾರ, ಖಡು ಅಂದರೆ ಸೀಮೆಸುಣ್ಣ. ಆ ವಿಷಯದ ಮೇಲೆ ಅವರು ಮಾಡಿದ ತಮಾಷೆ ಅದೊಂದೇ.

ಈಗ ಗುಟ್ಟಕ್ಕೆ ಕಾಲುದಾರಿಯಿದೆ. ಭಾನುವಾರ ಬೆಳಿಗ್ಗೆ ಜನ ನೋಡಲು ಬರುತ್ತಾರೆ. ಕರೆದೊಯ್ಯುವವನು ದುರ್ಗಪ್ಪ, ಅದು ಮೇಡಂ ಹಟ ಹಿಡಿದು ಮಾಡಿಸಿದ್ದು. ಕಲ್ಲಿನ ಎಳೆ ಎತ್ತ ಓಡುತ್ತದೆ ಎಂದು ಕಿವಿಯಿಟ್ಟು ಹೇಳಬಲ್ಲವನು ನಮ್ಮಲ್ಲಿ ಅವನೊಬ್ಬನೇ ಎಂದು ಅಧಿಕಾರಿಗಳ ಜೊತೆ ಜಗಳ ಆಡಿದರು. ಆದರೆ ಬಸ್ತಿಯ ಕೆಲವರು ಅವನನ್ನು ಇವತ್ತಿಗೂ ಅಕ್ಕಚೆಲ್ಲೆಳ್ಳನ್ನು ಒಡೆದವನು ಅಂತಲೇ ಗುರುತಿಸುವುದು. ಹೊಸಬರ ಕಿವಿಗೂ ಅದನ್ನು ಊದುತ್ತಾರೆ. ಅವನು ಯಾವತ್ತೂ ತಿರುಗಿ ಮಾತಾಡಿದ್ದಿಲ್ಲ.

ತೀರಿಕೊಳ್ಳುವ ಮೂರು ತಿಂಗಳ ಮೊದಲು, ಕಾಲು ಊದಿ ಗುಟ್ಟ ಹತ್ತಲಾಗದೆ ಮನೆಯಲ್ಲಿ ಕೂತಿದ್ದಾಗ, ಅವರು ನನಗೊಂದು ಕಾಗದ ಕೊಟ್ಟರು. ಗುಟ್ಟದ ಬೋರ್ಡುಗಳು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದಿದ್ದವು. ಏಳನೆಯದರ ಹತ್ತಿರ ಕನ್ನಡದ್ದೂ ಒಂದು ಬೇಕು, ಕಲ್ಲಿನ ಕೆಲಸಕ್ಕೆ ಬರುವ ಮಂದಿ ಓದಲಿ, ಅದನ್ನು ನೀವೇ ಕೈಯಾರೆ ಬರೆಯಬೇಕು ಅಂದರು. ಓದಿದೆ.

‘ಇಲ್ಲಿ ಅಕ್ಕತಂಗಿಯರು ಮೂವರು ಇದ್ದರು. ಉಳಿಸಲೆಂದು ಬರೆದ ನಂಬರ್ ಒಡೆಯಲು ಗುರುತಾಯಿತು. ಬರೆದವರು ನಾವು. ಒಳಗಿನ ಕರಿ ಮಚ್ಚೆ ನೋಡಿ.’

“ಇದನ್ನ ಯಾಕ ಡಂಗುರ ಹೊಡೀಬೇಕ್ರಿ ಮೇಡಂ?” ಅಂದೆ.

“ನಾಳೆ ಇನ್ನೊಬ್ಬಾಂವ ಇನ್ನೊಂದು ಗುಟ್ಟಕ್ಕ ಬಣ್ಣದ ಡಬ್ಬಿ ತಗೊಂಡು ಹೋಗ್ತಾನಲ್ರಿ, ಅವಂಗ.”

ನಾನು ಬರೆಯಲಿಲ್ಲ. ಬ್ರಶ್ ಸರಿಯಿಲ್ಲ, ಹಲಗೆ ಒಣಗಿಲ್ಲ, ಕಣ್ಣು ತೋರಿಸಬೇಕು, ಹೀಗೆ ವಾರಕ್ಕೊಂದು ನೆಪ ಹೇಳಿದೆ. ಅವರು ಫೋನಿನಲ್ಲಿ “ಆಗ್ಲಿರಿ” ಅನ್ನುತ್ತಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ದುರ್ಗಪ್ಪ ಫೋನ್ ಮಾಡಿ, “ಸಾಹೇಬ್ರ, ಅಮ್ಮಾರು ಹೋದ್ರಂತ ರಿ” ಅಂದ. ಅವರ ಮನೆಗೆ ಹೋಗಿ ಬಂದ ದಿನವೇ ಹಲಗೆ ಎದುರಿಗಿಟ್ಟುಕೊಂಡು ಕೂತೆ. ನಾಲ್ಕು ಸಾಲು ಬರೆಯಲು ನಾಲ್ಕು ದಿನ ಹಿಡಿಯಿತು. ಈ ಸಲ ಅಕ್ಷರಕ್ಕೆ ಬಾಲ ಕೊಡಲಿಲ್ಲ.

ಹಲಗೆ ನೆಟ್ಟ ಮೇಲಿನ ಮೊದಲ ಭಾನುವಾರ ನಾನೂ ಹೋದೆ. ಹನ್ನೆರಡು ಹದಿಮೂರು ಜನ ಬಂದಿದ್ದರು. ಅವರಲ್ಲಿ ಬೀದರಿನ ಕಡೆಯ ಒಬ್ಬ ಹೆಣ್ಣುಮಗಳು ಕನ್ನಡ ಓದಬಲ್ಲವಳು. ಹಲಗೆ ಓದಿ, ಒಡೆದ ಕಲ್ಲು ನೋಡಿ, ದಾರಿಯಲ್ಲಿ ಯಾರೋ ಕಿವಿಗೆ ಊದಿದ್ದನ್ನು ನೆನೆಸಿಕೊಂಡು ದುರ್ಗಪ್ಪನ ಕಡೆ ತಿರುಗಿದಳು. “ನೀವs ಏನ್ರಿ ಒಡದಾವ್ರು? ಇಷ್ಟು ಚಂದ ಕಲ್ಲು ಒಡ್ಯಾಕ ಕೈ ಹೆಂಗ ಬಂತ್ರಿ?”

ದುರ್ಗಪ್ಪ ಎಂದಿನಂತೆ ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳ ತೆಗೆಯತೊಡಗಿದ. ನಾನು ಮುಂದೆ ಬಂದೆ.

“ಅವ್ರಲ್ಲವ್ವಾ. ನಂಬರ್ ಬರದಾಂವ ನಾನು. ಮೇಡಂ ಬ್ಯಾಡ ಅಂದ್ರು, ನಾನು ಕೇಳಲಿಲ್ಲ. ಅವರು ಹೇಳಿದ್ದಕ್ಕಿಂತ ದೊಡ್ಡದು ಬರದೆ.”

ದುರ್ಗಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆ ನೋಟದಲ್ಲೇ ನನಗೆ ತಿಳಿಯಿತು. ನನ್ನ ಅಂಗಿಯ ತೋಳಿಗೆ ಆ ಸೋಮವಾರ ಬಿಳಿ ಬಣ್ಣ ಇನ್ನೂ ಅಂಟಿಕೊಂಡಿತ್ತಲ್ಲ. ಆರು ವರ್ಷ ಮೇಡಂ, ದುರ್ಗಪ್ಪ ಇಬ್ಬರೂ ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾದಿದ್ದರು. ಒಬ್ಬರು ಹೋದರು.

ಆ ಹೆಣ್ಣುಮಗಳು ಪಕ್ಕದ ಬಂಡೆಯ ಮೇಲೆ ಕೂರಲು ಹೋದಳು.

“ಮೊದ್ಲ ನೋಡ್ರಿ” ಅಂದೆ ನಾನು. ದುರ್ಗಪ್ಪ ಕಲ್ಲಿನ ಮೇಲೆ ನೀರು ಸುರಿದ, ಮಚ್ಚೆ ಕಪ್ಪಗೆ ಎದ್ದು ಕಾಣಿಸಿತು.